ಲಿಪಿ ಮತ್ತು ದಿವಾನ

ಕೃಷ್ಣಾ ತುಂಗಭದ್ರೆಗಳ ನಡುವಣ ನೆಲಕ್ಕೆ ಹಳೆಯ ಶಾಸನಗಳು ಕೊಟ್ಟ ಹೆಸರು ಎಡೆದೊರೆನಾಡು. ಎರಡು ತೊರೆಗಳ ಎಡೆಯಲ್ಲಿರುವ ನಾಡೆಂಬದೇ ಅದರ ಅರ್ಥವು. ಮುಂದೆ ಮುಸಲ್ಮಾನ ಅರಸರ ಆಳಿಕೆಯಲ್ಲಿ ಅದೇ ನೆಲಕ್ಕೆ ದೋಆಬವೆಂಬ ಹೆಸರು ಬಂದಿತು. ಫಾರ್ಸಿಯಲ್ಲಿ ದೋ ಎಂದರೆ ಎರಡು, ಆಬ್ ಎಂದರೆ ನೀರು. ಹೊಸ ಹೆಸರು ಹಳೆಯ ಹೆಸರಿನ ಮಾತನ್ನೇ ಬೇರೆ ಬಾಯಿಂದ ಆಡಿತು. ಅಷ್ಟೇ ಅಲ್ಲ, ಆ ದೋ ಎಂಬದು ಸಂಸ್ಕೃತದ ದ್ವಿ ಶಬ್ದಕ್ಕೂ, ಆಬ್ ಎಂಬದು ಅಪ್ ಶಬ್ದಕ್ಕೂ ಒಡಹುಟ್ಟಿದವು. ಪರಕೀಯವೆಂದು ತೋರುವ ಹೆಸರಿನೊಳಗೆ ಪಾಠಶಾಲೆಯ ಬಾಲಕನೂ ಗುರುತಿಸಬಹುದಾದ ನೆಂಟರು ಕುಳಿತಿರುವರು.

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಊರುಗಳು ಈ ಎಡೆದೊರೆನಾಡಿನವು. ಇಲ್ಲಿಯ ಜನರ ಕನ್ನಡವನ್ನು ಕುರಿತು ಹೊರಗಿನವರಲ್ಲಿ ಒಂದು ಆಕ್ಷೇಪವು ಬಹುಕಾಲದಿಂದ ಇದೆ. ಇದು ಉರ್ದು ಬೆರೆತ ಕನ್ನಡ, ಫಾರ್ಸಿಯ ಮಾತುಗಳಿಂದ ಕೆಟ್ಟ ಕನ್ನಡ ಎಂಬದೇ ಆ ಆಕ್ಷೇಪವು. ರೈತನು ಜಮೀನಿನ ಬಾಕಿಗಾಗಿ ಅರ್ಜಿ ಬರೆಯಿಸಿ ವಕೀಲನ ಕೈಯಲ್ಲಿ ದಾಖಲೆ ಕೊಟ್ಟನು ಎಂಬ ಒಂದು ವಾಕ್ಯದಲ್ಲಿ ಆರು ಹೆಸರುಗಳು ಅರಬಿ ಫಾರ್ಸಿಗಳಿಂದ ಬಂದವುಗಳೇ ಆಗಿವೆ. ರೈತನೆಂಬ ಪದವೇ ಅರಬಿಯ ರಈಯತ್ ಶಬ್ದದ ರೂಪಾಂತರವು. ಇಂಥ ವಾಕ್ಯವನ್ನು ಕೇಳಿ ನಾಚಿಕೊಳ್ಳುವ ಸುಶಿಕ್ಷಿತರು ಈ ನಾಡಿನಲ್ಲಿಯೂ ಇಲ್ಲದಿಲ್ಲ. ಅವರು ಪದಗಳನ್ನು ತಮ್ಮವು, ಪರರವು ಎಂದು ಎರಡು ರಾಶಿ ಮಾಡಿ, ಸಂಸ್ಕೃತದಿಂದ ಬಂದುದನ್ನು ಮನೆಯೊಳಗೂ ಫಾರ್ಸಿಯಿಂದ ಬಂದುದನ್ನು ಬಾಗಿಲ ಹೊರಗೂ ಇರಿಸಲು ಬಯಸುವರು. ಈ ವಿಭಾಗವು ಎಷ್ಟರ ಮಟ್ಟಿಗೆ ನಿಲ್ಲುವದೆಂಬದನ್ನು ಪರೀಕ್ಷಿಸುವದಕ್ಕೆ ಎರಡು ಪದಗಳು ಸಾಕು. ಒಂದು ದಿವಾನ, ಇದನ್ನು ಎಲ್ಲರೂ ಪರಕೀಯವೆನ್ನುವರು. ಇನ್ನೊಂದು ಲಿಪಿ, ಇದನ್ನು ಎಲ್ಲರೂ ಸ್ವಕೀಯವೆನ್ನುವರು.

ಮೊದಲು ದಿವಾನವನ್ನು ನೋಡೋಣ. ಒಂದೇ ಪದಕ್ಕೆ ಇಷ್ಟೊಂದು ಅರ್ಥಗಳು ಕೂಡಿಬಂದುದು ಅಪೂರ್ವವು. ಮೈಸೂರು ಸೀಮೆಯಲ್ಲಿ ದಿವಾನನೆಂದರೆ ಅರಸನ ಮುಖ್ಯ ಮಂತ್ರಿ. 1799ರಿಂದ 1811ರ ವರೆಗೆ ಪೂರ್ಣಯ್ಯನೂ, 1912ರಿಂದ 1918ರ ವರೆಗೆ ವಿಶ್ವೇಶ್ವರಯ್ಯನವರೂ ಆ ಪದವಿಯಲ್ಲಿದ್ದರು. ಹೈದರಾಬಾದ ಸಂಸ್ಥಾನದಲ್ಲಿ ಮಂತ್ರಿಗೆ ದಿವಾನನೆಂಬ ಹೆಸರಿದ್ದುದಲ್ಲದೆ, ಸರಕಾರದ ಬೊಕ್ಕಸಕ್ಕೆ ಕಂದಾಯ ಸಲ್ಲುವ ಭೂಮಿಗೆ ದಿವಾನಿ ಎಂಬ ಹೆಸರಿದ್ದಿತು. ನಿಜಾಮನ ಸ್ವಂತ ಖರ್ಚಿನ ಭೂಮಿಯು ಸರ್ಫ್-ಎ-ಖಾಸ್ ಎನಿಸಿಕೊಂಡು ಬೇರೆಯಾಗಿದ್ದಿತು; 1949ರಲ್ಲಿ ಅದು ಸರಕಾರದ ಭೂಮಿಯಲ್ಲಿ ಸೇರಿಹೋಯಿತು. ಹಿರಿಯರ ಬಾಯಲ್ಲಿ ಹೊಲಮನೆಗಳ ವ್ಯಾಜ್ಯವು ದಿವಾಣಿ ದಾವೆ, ಹೊಡೆದಾಟದ ವ್ಯಾಜ್ಯವು ಫೌಜದಾರಿ ಖಟ್ಲೆ. ಹಳೆಯ ವಾಡೆಗಳಲ್ಲಿ ಬಂದವರನ್ನು ಕುಳ್ಳಿರಿಸುವ ಮುಂಭಾಗದ ಪಡಸಾಲೆಯು ದಿವಾನಖಾನೆ. ಇಂದಿನ ಮನೆಗಳಲ್ಲಿ ಒರಗು ಇಲ್ಲದ ಅಗಲವಾದ ಆಸನವೂ ದಿವಾನವೇ. ಇದಲ್ಲದೆ ಫಾರ್ಸಿ ಉರ್ದು ಕವಿಗಳ ಪದ್ಯಸಂಗ್ರಹಕ್ಕೂ ದಿವಾನವೆಂದೇ ಹೆಸರು. ಹಾಫಿಜನದೂ ಗಾಲಿಬನದೂ ದಿವಾನಗಳಿವೆ. ಜರ್ಮನಿಯ ಮಹಾಕವಿ ಗಯಟೆಯು 1819ರಲ್ಲಿ ಪ್ರಕಟಿಸಿದ ತನ್ನ ಒಂದು ಕಾವ್ಯಸಂಗ್ರಹಕ್ಕೆ ಇದೇ ಪದವನ್ನು ಇಟ್ಟನು. ಫ್ರೆಂಚರು ಸುಂಕದ ಕಟ್ಟೆಗೆ ದುವಾನ್ ಎನ್ನುವದೂ, ಇಟಲಿಯವರು ದೊಗಾನ ಎನ್ನುವದೂ ಅರಬರ ಮೂಲಕ ಹೋದ ಈ ಪದವನ್ನೇ.

ಮಂತ್ರಿ, ಭೂಮಿ, ನ್ಯಾಯಸ್ಥಾನ, ಪಡಸಾಲೆ, ಮಂಚ, ಕಾವ್ಯ, ಸುಂಕದ ಕಟ್ಟೆ, ಇವುಗಳಿಗೆಲ್ಲ ಸಂಬಂಧವೇನು? ಮೂಲಾರ್ಥವನ್ನು ಹಿಡಿದರೆ ತೊಡಕು ತಾನೇ ಬಿಚ್ಚುವದು. ದಿವಾನವೆಂದರೆ ಮೊದಲಿಗೆ ಪಟ್ಟಿಯ ಪುಸ್ತಕ, ಎಂದರೆ ಲೆಕ್ಕದ ಕಡತ. ಖಲೀಫ ಉಮರನು ಕ್ರಿ.ಶ. 640ರ ಸುಮಾರಿಗೆ ತನ್ನ ಸೈನಿಕರ ಹೆಸರುಗಳನ್ನೂ ಅವರಿಗೆ ಸಲ್ಲತಕ್ಕ ವೇತನವನ್ನೂ ಬರೆಯಿಸಿದ ಪಟ್ಟಿಗೆ ದಿವಾನವೆಂದು ಹೆಸರಾಯಿತು. ಕಡತದ ಹೆಸರು ಕಡತಗಳಿರುವ ಕಚೇರಿಗೆ ಹತ್ತಿತು. ಕಚೇರಿಯ ಹೆಸರು ಅದರ ಮುಖ್ಯಾಧಿಕಾರಿಗೆ ಹತ್ತಿತು. ಆತನು ಕುಳಿತು ಮಾತಾಡುವ ಕೋಣೆಗೂ, ಕೋಣೆಯ ಗೋಡೆಗುಂಟ ಹಾಕಿದ ಮೆತ್ತೆಯ ಆಸನಕ್ಕೂ ಸಾಗಿತು. ಕವಿಯ ಪದ್ಯಗಳನ್ನು ಕ್ರಮವಾಗಿ ಬರೆದಿಟ್ಟ ಪುಸ್ತಕವೂ ಒಂದು ಪಟ್ಟಿಯೇ ಆದುದರಿಂದ ಅದೂ ದಿವಾನವಾಯಿತು. 1765ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಶಾಹ ಆಲಮ ಬಾದಶಹನಿಂದ ಬಂಗಾಲ, ಬಿಹಾರ, ಒಡಿಸಾ ಪ್ರಾಂತಗಳ ದಿವಾನಿಯನ್ನು ಪಡೆಯಿತು. ಕಂದಾಯದ ಅಧಿಕಾರದೊಡನೆ ಆಸ್ತಿಯ ವ್ಯಾಜ್ಯಗಳನ್ನು ತೀರಿಸುವ ಅಧಿಕಾರವೂ ಕೂಡಿದ್ದಿತಾದುದರಿಂದ ಆಸ್ತಿಯ ನ್ಯಾಯಸ್ಥಾನಕ್ಕೆ ದಿವಾಣಿ ಎಂಬ ಹೆಸರು ನೆಲೆನಿಂತಿತು. ಸಿಂಧನೂರಿನ ಒಕ್ಕಲಿಗನು ಬದುವಿನ ಜಗಳಕ್ಕಾಗಿ ದಿವಾಣಿ ದಾವೆ ಹೂಡುವಾಗ ಆಡುವ ಮಾತಿನ ಹಿಂದೆ ಇಷ್ಟು ದೊಡ್ಡ ಮೆರವಣಿಗೆ ಇದೆ.

ಈ ಪದದ ಹುಟ್ಟಿನ ವಿಷಯದಲ್ಲಿ ಅರಬಿ ಗ್ರಂಥಕಾರರು ಒಂದು ಕಥೆಯನ್ನು ಹೇಳುವರು. ಪಾರಸಿಕ ದೊರೆ ಖುಸ್ರೋ ಒಂದು ದಿನ ತನ್ನ ಲೆಕ್ಕಿಗರ ಕೋಣೆಗೆ ಹೋದನಂತೆ. ಅವರೆಲ್ಲರೂ ತಮ್ಮೊಳಗೆ ತಾವೇ ಗುಣುಗುಟ್ಟುತ್ತ ಎಣಿಕೆ ಮಾಡುತ್ತಿದ್ದುದನ್ನು ಕಂಡು, ಇವರು ಹುಚ್ಚರು ಎಂಬರ್ಥದಲ್ಲಿ ದೀವಾನಾ ಎಂದನಂತೆ. ಅದೇ ಮುಂದೆ ಕಚೇರಿಗೆ ಹೆಸರಾಯಿತಂತೆ. ಲೆಕ್ಕದ ಕೋಣೆಯನ್ನು ಕಂಡವರಿಗೆ ಈ ಕಥೆಯು ನಗೆಯನ್ನು ತರುವದು ಸಹಜವು. ಆದರೆ ಶಬ್ದದ ಸಾಮ್ಯವನ್ನು ಹಿಡಿದು ಹೊರಟ ಜನಪ್ರಿಯ ವ್ಯುತ್ಪತ್ತಿಯೇ ಇದಾಗಿದೆಯಲ್ಲದೆ ಬೇರೆಯಲ್ಲ. ಪಾರಸಿಕ ಭಾಷೆಯ ಚರಿತ್ರೆಯನ್ನು ಶೋಧಿಸಿದ ಪಂಡಿತರು ಸಾಮಾನ್ಯವಾಗಿ ಹೇಳುವ ಮೂಲವು ಬೇರೆ. ಪ್ರಾಚೀನ ಪಾರಸಿಕದಲ್ಲಿ ಬರಹಕ್ಕೆ, ಶಾಸನಕ್ಕೆ ದಿಪಿ ಎಂಬ ಹೆಸರಿದ್ದಿತು. ಬರಹಗಳನ್ನಿಡುವ ಮನೆ ಎಂಬರ್ಥದ ದಿಪಿವಹನವೆಂಬ ಸಮಾಸವು ಕಾಲಕ್ರಮದಲ್ಲಿ ಸವೆದು ದೇವಾನ, ದೀವಾನ ಎಂದಾಯಿತೆಂದು ಅವರ ಅಭಿಪ್ರಾಯವು. ಬರೆಯುವವನೆಂಬರ್ಥದ ದಬೀರ ಶಬ್ದವೂ ಅದೇ ದಿಪಿಯ ಸಂತಾನವು. ಹೈದರಾಬಾದಿನ ದಬೀರಪುರಾ ಎಂಬ ಕೇರಿಯ ಹೆಸರಿನಲ್ಲಿಯೂ, ಕನ್ನಡ ಮರಾಠಿ ಸೀಮೆಗಳ ದಬೀರ ಎಂಬ ಮನೆತನದ ಹೆಸರಿನಲ್ಲಿಯೂ ಅದು ಇಂದಿಗೂ ಉಳಿದಿದೆ.

ದಿಪಿ ಎಂಬ ಶಬ್ದವನ್ನು ಕೇಳಿದೊಡನೆ ಸಂಸ್ಕೃತಜ್ಞರಿಗೆ ಲಿಪಿಯ ನೆನಪು ಬಾರದಿರದು. ಈಗ ಎರಡನೆಯ ಪದಕ್ಕೆ ಬರೋಣ. ಲಿಪಿಯನ್ನು ಲಿಪ್ ಧಾತುವಿನಿಂದ ಸಾಧಿಸುವದು ಶಾಸ್ತ್ರದ ರೂಢಿ. ಲಿಪ್ ಎಂದರೆ ಬಳಿ, ಹಚ್ಚು, ಲೇಪಿಸು. ಮಸಿಯನ್ನು ಲೇಪಿಸುವದರಿಂದ ಆಗುವದಾದುದರಿಂದ ಲಿಪಿಯೆಂದು ಗುರುಗಳು ಹೇಳಿಕೊಡುವರು, ಶಿಷ್ಯರು ಒಪ್ಪಿಕೊಳ್ಳುವರು. ಕಿವಿಗೆ ಇದು ಹಿತವಾಗಿಯೇ ಇದೆ. ಆದರೆ ಒಂದು ಸಂಗತಿಯು ವಿಚಾರಕ್ಕೆ ಎಡೆಗೊಡುವದು. ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಎರಡನೆಯ ಪಾದದ 21ನೆಯ ಸೂತ್ರದಲ್ಲಿ ಲಿಪಿ ಎಂಬ ಪದವನ್ನೂ ಅದರ ಬದಿಗೇ ಲಿಬಿ ಎಂಬ ಪದವನ್ನೂ ಹೇಳಿರುವನು. ಲಿಪಿಕರ, ಲಿಬಿಕರ ಎಂದು ಎರಡೂ ರೂಪಗಳು ಸಿದ್ಧಿಸುವವು. ಅಮರಸಿಂಹನ ಕೋಶದಲ್ಲಿಯೂ ಇವೆರಡೂ ಜೊತೆಯಾಗಿಯೇ ಇವೆ. ಲಿಪ್ ಧಾತುವಿನಿಂದಲೇ ಹುಟ್ಟಿದ ಪದವಾದರೆ ಬಕಾರಕ್ಕೆ ಕಾರಣವೇನು? ಹೊರಗಿನಿಂದ ಬಂದ ಪದವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಉಚ್ಚರಿಸುವದು ಲೋಕದಲ್ಲಿ ಕಂಡುದೇ ಆಗಿದೆ. ಪಾಣಿನಿಯು ಶಲಾತುರದವನು, ಆ ಗ್ರಾಮವು ಗಾಂಧಾರ ದೇಶದ್ದು. ಗಾಂಧಾರವು ಪಾರಸಿಕ ಚಕ್ರವರ್ತಿಗಳ ಆಳಿಕೆಗೆ ಒಳಪಟ್ಟಿದ್ದ ಸೀಮೆಯೆಂಬದು, ಗ್ರೀಕರು ಡೇರಿಯಸ್ ಎನ್ನುವ ದಾರಯವಹು ದೊರೆಯು ಕ್ರಿ.ಪೂ. 520ರ ಸುಮಾರಿಗೆ ಬೆಹಿಸ್ತುನದ ಬಂಡೆಯ ಮೇಲೆ ಕೊರೆಯಿಸಿದ ಶಾಸನದಿಂದ ಸ್ಪಷ್ಟವಾಗುವದು. ಅದೇ ಶಾಸನದಲ್ಲಿ ಆತನು ತನ್ನ ಬರಹವನ್ನು ದಿಪಿ ಎಂದು ಕರೆದಿರುವನು.

ಇನ್ನು ಊಹೆಯ ಮಾತೇ ಬೇಡ. ಕಲ್ಲಿನ ಸಾಕ್ಷಿಯೇ ಇದೆ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯು ತನ್ನ ಧರ್ಮಶಾಸನಗಳನ್ನು ನಾಡಿನ ನಾಲ್ಕೂ ದಿಕ್ಕುಗಳಲ್ಲಿ ಬರೆಯಿಸಿದನು. ಗಿರ್ನಾರದಂಥ ಒಳನಾಡಿನ ಬಂಡೆಗಳಲ್ಲಿ ಆತನು ಅವುಗಳನ್ನು ಧಂಮಲಿಪಿ ಎಂದು ಕರೆದಿರುವನು. ಆದರೆ ವಾಯವ್ಯದ ಶಹಬಾಜಗಢಿ ಹಾಗೂ ಮಾನ್ಸೆಹ್ರಾ ಎಂಬ ಸ್ಥಳಗಳಲ್ಲಿ, ಅವು ಈಗ ಪಾಕಿಸ್ತಾನದಲ್ಲಿವೆ, ಅದೇ ಶಾಸನದ ಅದೇ ಸ್ಥಾನದಲ್ಲಿ ಧ್ರಮದಿಪಿ ಎಂದಿದೆ. ಶಹಬಾಜಗಢಿಯಲ್ಲಿ ಬರೆಯಿಸಿದ ಎಂಬರ್ಥಕ್ಕೆ ಬಳಸಿದ ಕ್ರಿಯಾಪದವೂ ಪಾರಸಿಕದ್ದೇ. ಅರಸನೊಬ್ಬನೇ, ಶಾಸನವೊಂದೇ, ಪದವೂ ಒಂದೇ. ಪಾರಸಿಕ ಸೀಮೆಯ ಬದಿಯಲ್ಲಿ ದಿಪಿ, ಒಳನಾಡಿಗೆ ಬಂದಂತೆ ಲಿಪಿ. ಪರದೇಶದಿಂದ ಬಂದ ದಿಪಿಯು ಲಿಪ್, ಲಿಖ್ ಎಂಬ ಧಾತುಗಳ ನೆರೆಯಲ್ಲಿ ಬಾಳಿ ದಕಾರವನ್ನು ಬಿಟ್ಟು ಲಕಾರವನ್ನು ತೊಟ್ಟಿತೆಂದು ಭಾಷಾಶಾಸ್ತ್ರಜ್ಞರು ತಿಳಿಯುವರು. ಹೀಗೆ ನೋಡಿದರೆ ಲೇಪಿಸುವದರಿಂದ ಲಿಪಿ ಎಂಬ ನಮ್ಮವರ ವ್ಯುತ್ಪತ್ತಿಯೂ, ಹುಚ್ಚರಿಂದ ದಿವಾನವೆಂಬ ಅರಬರ ಕಥೆಯೂ ಒಂದೇ ಜಾತಿಯವು. ಬಂದ ಅತಿಥಿಗೆ ತಮ್ಮ ಮನೆಯ ಗೋತ್ರವನ್ನೇ ಹೇಳಿ ಒಳಗೆ ಕರೆದುಕೊಂಡ ಪ್ರೀತಿಯು ಎರಡರಲ್ಲಿಯೂ ಇದೆ.

ಈ ಪದವು ಕನ್ನಡ ನಾಡಿಗೆ ಬಂದ ಕುರುಹೂ ಕಲ್ಲಿನಲ್ಲಿಯೇ ಇದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬಲ್ಲಿ ಅಶೋಕನ ಶಾಸನಗಳನ್ನು ಬಿ. ಎಲ್. ರೈಸರು 1892ರಲ್ಲಿ ಕಂಡುಹಿಡಿದರು. ಬ್ರಹ್ಮಗಿರಿಯ ಶಾಸನವನ್ನು ಬರೆದವನ ಹೆಸರು ಚಪಡ. ಆತನು ಶಾಸನವನ್ನೆಲ್ಲ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆದು, ಕಟ್ಟಕಡೆಗೆ ತಾನು ಲಿಪಿಕರನೆಂದು ಹೇಳಿಕೊಳ್ಳುವ ಪದವೊಂದನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದನು. ಖರೋಷ್ಠಿಯು ಗಾಂಧಾರ ಸೀಮೆಯ ಲಿಪಿಯು. ಅಲ್ಲಿಯ ಬರಹವನ್ನು ಕಲಿತವನೊಬ್ಬನು ಕನ್ನಡ ನಾಡಿನ ಬಂಡೆಯ ಮೇಲೆ, ಪಾರಸಿಕದಿಂದ ಬಂದ ಪದವನ್ನು, ಅರಮಾಯಿಕ್ ಲಿಪಿಯಿಂದ ಹುಟ್ಟಿದ ಅಕ್ಷರಗಳಲ್ಲಿ, ಒಳನಾಡಿನ ಉಚ್ಚಾರದಲ್ಲಿ ಬರೆದಿಟ್ಟನು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಈ ನೆಲವು ಎಷ್ಟು ದೂರದವರನ್ನು ಕಂಡಿದ್ದಿತೆಂಬದಕ್ಕೆ ಇದಕ್ಕಿಂತ ಸಣ್ಣದೂ ಬಲವಾದುದೂ ಆದ ಪ್ರಮಾಣವು ಬೇಕಿಲ್ಲ.

ಮಸ್ಕಿಯ ಬಂಡೆಯು ಇದೇ ವಿಚಾರಕ್ಕೆ ಇನ್ನೊಂದು ಬದಿಯಿಂದ ಬೆಳಕು ಚೆಲ್ಲುವದು. ನಿಜಾಮ ಸರಕಾರದ ಗಣಿಶೋಧಕರಾಗಿದ್ದ ಬೀಡನ್ ಎಂಬವರು ಚಿನ್ನದ ಅದಿರನ್ನರಸುತ್ತ 1915ರ ಜನವರಿಯಲ್ಲಿ ಈ ಶಾಸನವನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯ ವರೆಗೆ ದೊರೆತ ಶಾಸನಗಳಲ್ಲಿ ದೇವಾನಂಪಿಯ, ಪಿಯದಸಿ ಎಂಬ ಬಿರುದುಗಳಿದ್ದುವೇ ಹೊರತು ಅರಸನ ಹೆಸರಿರಲಿಲ್ಲ. 1837ರಲ್ಲಿ ಪ್ರಿನ್ಸೆಪನು ಬ್ರಾಹ್ಮಿಯನ್ನು ಓದಿದಂದಿನಿಂದ, ಸಿಂಹಳದ ಗ್ರಂಥಗಳ ಆಧಾರದಿಂದ ಈತನೇ ಅಶೋಕನೆಂದು ನಂಬಿದ್ದರು. ಮಸ್ಕಿಯ ಬಂಡೆಯಲ್ಲಿ ದೇವಾನಂಪಿಯ ಎಂಬ ಬಿರುದಿನ ಮಗ್ಗುಲಲ್ಲಿ ಅಸೋಕ ಎಂಬ ಹೆಸರೇ ಇದ್ದು ಸಂಶಯವು ತೀರಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೆಗೋಳಗಳಲ್ಲಿಯೂ ಈ ಹೆಸರು ದೊರೆಯಿತು.

ಈಗ ಆ ದೇವಾನಂಪಿಯ ಪದದ ಗತಿಯನ್ನು ನೋಡಬೇಕು. ದೇವತೆಗಳಿಗೆ ಪ್ರಿಯನೆಂಬ ಅಚ್ಚ ಆರ್ಯಪದವದು. ಅದರ ಕುಲದಲ್ಲಿ ಕಳಂಕವಿಲ್ಲ. ಚಕ್ರವರ್ತಿಯು ಅದನ್ನು ಹೆಮ್ಮೆಯಿಂದ ಧರಿಸಿದನು. ಆದರೆ ಸಂಸ್ಕೃತ ವ್ಯಾಕರಣದಲ್ಲಿ ದೇವಾನಾಂಪ್ರಿಯನೆಂದರೆ ಮೂರ್ಖನೆಂಬ ಅರ್ಥವು ನೆಲೆನಿಂತಿತು. ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿಯನ್ನು ಓದಿದವರೆಲ್ಲ ಇದನ್ನು ಬಲ್ಲರು. ಸ್ವಂತ ಮನೆಯಲ್ಲಿ ಹುಟ್ಟಿದ ಪದವು ಬೈಗುಳವಾಯಿತು. ದೂರದಿಂದ ಬಂದ ಲಿಪಿಯು ವಿದ್ಯೆಯ ಹೆಸರೇ ಆಯಿತು. ಪದದ ಮಾನವು ಹುಟ್ಟಿನಿಂದಲ್ಲ, ಬಳಕೆಯಿಂದ ಎಂಬದಕ್ಕೆ ಇದೇ ದೃಷ್ಟಾಂತವು.

ದಿಪಿ ಎಂಬದಾದರೂ ಪಾರಸಿಕರ ಸ್ವಂತ ಆಸ್ತಿಯೇ? ಅದೂ ಅಲ್ಲ. ಅವರು ಅದನ್ನು ನೆರೆಯ ಏಲಮ್ ದೇಶದವರಿಂದ ಪಡೆದರು. ಏಲಮಿನವರಿಗೆ ಅದು ಬಾಬಿಲೋನಿನ ಅಕ್ಕಾದಿ ಭಾಷೆಯ ತುಪ್ಪು ಎಂಬ ಪದದಿಂದ ಬಂದಿತು. ಅಕ್ಕಾದಿಗೆ ಸುಮೇರದ ದುಬ್ ಎಂಬದರಿಂದ. ದುಬ್ ಎಂದರೆ ಹಸಿಮಣ್ಣಿನ ಹಲಗೆ. ಸುಮೇರದವರು ಆ ಹಲಗೆಯ ಮೇಲೆ ಕಡ್ಡಿಯಿಂದ ಒತ್ತಿ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಅವರ ಪಾಠಶಾಲೆಯ ಹೆಸರು ಏದುಬ್ಬ, ಎಂದರೆ ಹಲಗೆಯ ಮನೆ. ಯೂಫ್ರೆಟಿಸ್ ನದಿಯ ದಂಡೆಯ ಮಣ್ಣಿನ ಹಲಗೆಯಿಂದ ಹೊರಟ ಪದವು ಬಾಯಿಂದ ಬಾಯಿಗೆ ಸಾಗಿ, ಒಂದು ಕವಲಿನಲ್ಲಿ ಲಿಪಿಯಾಗಿ ಅಶೋಕನ ಕಾಲಕ್ಕೇ ಕನ್ನಡ ನೆಲವನ್ನು ಸೇರಿತು.

ಇನ್ನೊಂದು ಕವಲು ನಿಧಾನವಾಗಿ ಬಂದಿತು. ಪಾರಸಿಕರಲ್ಲಿ ದಿವಾನವಾದ ಪದವನ್ನು ಅರಬರು ಕಲಿತರು, ತುರ್ಕರು ಕಲಿತರು, ದಿಲ್ಲಿಯ ಸುಲ್ತಾನರು ತಮ್ಮ ಕಚೇರಿಗಳಿಗೆಲ್ಲ ಇಟ್ಟರು. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪನೆಯಾದ ಮೇಲೆ ಈ ದೋಆಬಕ್ಕಾಗಿ ವಿಜಯನಗರದವರಿಗೂ ಬಹಮನಿಗಳಿಗೂ, ಬಳಿಕ ವಿಜಾಪುರದವರಿಗೂ ಕಾಳಗಗಳು ನಡೆದವು. ಲಿಂಗಸುಗೂರು ತಾಲೂಕಿನ ಮುದಗಲ್ಲ ಕೋಟೆಯು ಕೈಯಿಂದ ಕೈಗೆ ಹೋಯಿತು. ಇಬ್ರಾಹಿಂ ಆದಿಲಶಾಹನು 1534ರಲ್ಲಿ ಪಟ್ಟಕ್ಕೆ ಬಂದ ಮೇಲೆ ಕಂದಾಯದ ಲೆಕ್ಕಗಳನ್ನು ಫಾರ್ಸಿಯಿಂದ ಬಿಡಿಸಿ ದೇಶಭಾಷೆಯಲ್ಲಿ ಬ್ರಾಹ್ಮಣ ಲೆಕ್ಕಿಗರಿಂದ ಬರೆಯಿಸಿದನೆಂದು ಫಿರಿಸ್ತಾ ಎಂಬ ಇತಿಹಾಸಕಾರನು ಹೇಳಿರುವನು. ಭಾಷೆಯು ಬದಲಾದರೂ ಕೆಲಸದ ಹೆಸರುಗಳು ಹಾಗೆಯೇ ಉಳಿದವು. ಕುಲಕರ್ಣಿಯ ಕೈಯ ಮೂಲಕ ಅವು ಹಳ್ಳಿಯ ಬಾಯಿಗೆ ಇಳಿದವು. 1853ರಲ್ಲಿ ಮೊದಲನೆಯ ಸಾಲಾರಜಂಗನು ಹೈದರಾಬಾದಿನ ದಿವಾನನಾದನು. ಅದೇ ವರ್ಷದ ಕರಾರಿನಿಂದ ಈ ದೋಆಬವು ಇಂಗ್ಲಿಷರ ಕೈಗೆ ಹೋಗಿ, 1860ರಲ್ಲಿ ತಿರುಗಿ ನಿಜಾಮನಿಗೆ ಬಂದಿತು. 1865ರಿಂದ ಆತನು ಸಂಸ್ಥಾನದಲ್ಲಿ ಜಿಲ್ಲೆಗಳ ಏರ್ಪಾಡನ್ನು ಮಾಡಿದನು. ಇಂದು ತಾಲೂಕಿನ ಊರಾದ ಲಿಂಗಸುಗೂರು ಆಗಿನ ಕಾಲದಲ್ಲಿ ಜಿಲ್ಲೆಯ ಮುಖ್ಯಸ್ಥಳವಾಗಿದ್ದಿತು. 1905ರಲ್ಲಿ ಆ ಜಿಲ್ಲೆಯು ಮುರಿದು ಲಿಂಗಸುಗೂರು, ಸಿಂಧನೂರು, ಕುಷ್ಟಗಿ, ಗಂಗಾವತಿಗಳು ರಾಯಚೂರಿಗೆ ಸೇರಿದವು. ಸುರಪುರ, ಶಹಾಪುರಗಳು ಕಲಬುರ್ಗಿಗೆ ಸೇರಿದವು.

ಪರಕೀಯ ಪದಗಳನ್ನು ಹೊರಗೆ ಹಾಕುವ ಉದ್ಯಮವು ಹೊಸದಲ್ಲ. ಛತ್ರಪತಿ ಶಿವಾಜಿಯು 1674ರಲ್ಲಿ ಪಟ್ಟಾಭಿಷಿಕ್ತನಾದ ಕಾಲಕ್ಕೆ ಅಧಿಕಾರಿಗಳ ಫಾರ್ಸಿ ಹೆಸರುಗಳನ್ನು ತೆಗೆದು ಸಂಸ್ಕೃತದ ಹೆಸರುಗಳನ್ನು ಇಡಿಸಿದನು. ರಘುನಾಥ ಪಂಡಿತನು ಅದಕ್ಕಾಗಿಯೇ ರಾಜವ್ಯವಹಾರಕೋಶವೆಂಬ ಗ್ರಂಥವನ್ನು ರಚಿಸಿದನು. ಆಗ ದಬೀರನು ಸುಮಂತನಾದನು. ಆ ಕಾರ್ಯದ ಹಿಂದಿನ ಸ್ವಾಭಿಮಾನವು ಗೌರವಾರ್ಹವಾದುದೇ. ಆದರೆ ಹೊರಗೆ ಕಳುಹಿಸಿದ ದಬೀರನಿಗೂ, ದೇವವಾಣಿಯದೆಂದು ಒಳಗೆ ಉಳಿದ ಲಿಪಿಗೂ ಮೂಲಪುರುಷನು ಒಬ್ಬನೇ ಎಂಬದು ಆ ಕಾಲದ ಯಾವ ಪಂಡಿತನಿಗೂ ತಿಳಿಯುವಂತಿರಲಿಲ್ಲ. ಒಂದೇ ತಾಯಿಯ ಮಕ್ಕಳಲ್ಲಿ ಮೊದಲು ಬಂದವನು ಮನೆಯವನಾದನು, ಹಿಂದಿನಿಂದ ಬಂದವನು ಪರದೇಶಿಯಾದನು. ಇಬ್ಬರ ನಡುವಿನ ಭೇದವು ಬಂದ ಕಾಲದ್ದೇ ಹೊರತು ಕುಲದ್ದಲ್ಲ.

ಇಷ್ಟು ಹೇಳಿದುದರಿಂದ ನಿಜಾಮ ಸಂಸ್ಥಾನದಲ್ಲಿ ಕನ್ನಡಿಗರು ಪಟ್ಟ ಕಷ್ಟವು ಸುಳ್ಳಾಗುವದಿಲ್ಲ. ಮೊದಲು ಫಾರ್ಸಿ, ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಿಂದ ಉರ್ದು, ಹೀಗೆ ಕಚೇರಿಯ ಭಾಷೆಯು ಒಕ್ಕಲಿಗನ ಭಾಷೆಯಾಗಿರಲಿಲ್ಲ. ತನ್ನ ಹೊಲದ ಕಾಗದವನ್ನು ತಾನು ಓದಲಾರದೆ, ಓದಿ ಹೇಳುವವನ ಮಾತನ್ನೇ ನಂಬಿ ಹೆಬ್ಬೆಟ್ಟು ಒತ್ತಬೇಕಾದ ಸ್ಥಿತಿಯು ಅನ್ಯಾಯದ್ದೇ ಸರಿ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೇಶಭಾಷೆಯಲ್ಲಿ ಉಚ್ಚಶಿಕ್ಷಣವನ್ನು ಕೊಡಬಹುದೆಂದು ತೋರಿಸಿತಾದರೂ, ಆ ದೇಶಭಾಷೆಯು ಉರ್ದುವೇ ಆಗಿದ್ದಿತು. 1948ರ ಸಪ್ಟಂಬರದಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, 1956ರ ನವಂಬರ 1ರಂದು ರಾಯಚೂರು ಜಿಲ್ಲೆಯು ಕನ್ನಡಿಗರ ಏಕೀಕೃತ ರಾಜ್ಯದಲ್ಲಿ ಸೇರಿದ ಮೇಲೆ ಆ ಕೊರತೆಯು ನೀಗುವ ದಾರಿ ತೆರೆಯಿತು. ಆದರೆ ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಎಣಿಸಬೇಕು. ಜನರಿಗೆ ತಿಳಿಯದ ಭಾಷೆಯಲ್ಲಿ ಆಳುವದು ಒಂದು. ಜನರು ತಾವೇ ಬಾಯಿಗೆ ತಂದುಕೊಂಡ ಪದವು ಇನ್ನೊಂದು. ಮೊದಲನೆಯದರ ಮೇಲಿನ ಸಿಟ್ಟನ್ನು ಎರಡನೆಯದರ ಮೇಲೆ ತೀರಿಸಿಕೊಳ್ಳುವದು ತಕ್ಕುದಲ್ಲ.

ಇಂದು ಅರ್ಜಿಯನ್ನು ಮನವಿಯೆಂದೂ, ದಾವೆಯನ್ನು ವ್ಯಾಜ್ಯವೆಂದೂ ಬರೆಯುವದರಿಂದ ಕನ್ನಡಕ್ಕೆ ಹಾನಿಯೇನೂ ಇಲ್ಲ. ಆದರೆ ಒಕ್ಕಲಿಗನು ಬಲ್ಲ ಹಕ್ಕು, ಬಾಕಿ, ವಸೂಲಿಗಳನ್ನು ತೆಗೆದು ಆತನು ಎಂದೂ ಕೇಳದ ಉದ್ದನ್ನ ಸಮಾಸಗಳನ್ನು ತುಂಬಿದರೆ, ಆತನ ಪಾಲಿಗೆ ಆ ಕಾಗದವು ಮತ್ತೆ ಫಾರ್ಸಿಯ ಕಾಗದವೇ ಆಗುವದು. ಅಕ್ಷರಗಳು ಕನ್ನಡದವಾದ ಮಾತ್ರಕ್ಕೆ ಓದಿ ಹೇಳುವವನ ಹಂಗು ತಪ್ಪಲಾರದು. ಯಾವ ಪದವು ಯಾರ ಹೊಲದ ಮಾತನ್ನು ಹೇಳುವದೋ ಆ ಹೊಲದವನಿಗೆ ಅದು ತಿಳಿಯಬೇಕು. ಪದದ ಯೋಗ್ಯತೆಯನ್ನು ಅಳೆಯುವದಕ್ಕೆ ಇದೇ ಸರಿಯಾದ ಅಳತೆ.

ಹಿಂದೆ ಲಿಂಗಸುಗೂರು ತಾಲೂಕಿನ ಊರಾಗಿದ್ದ ಮಸ್ಕಿಯು ಈಗ ತಾನೇ ತಾಲೂಕಿನ ಕೇಂದ್ರವಾಗಿದೆ. ಗುಡ್ಡದ ಓರೆಯಲ್ಲಿ ಅಶೋಕನ ಬಂಡೆಯಿದೆ, ಊರೊಳಗೆ ಕಚೇರಿಯಿದೆ. ಬಂಡೆಯ ಮೇಲಿನ ಅಕ್ಷರಗಳ ಸಂತತಿಯಾದ ಕನ್ನಡ ಲಿಪಿಯಲ್ಲಿ ಕಚೇರಿಯ ಕಡತಗಳು ಇಂದು ಬರೆಯಲ್ಪಡುತ್ತಿವೆ. ಲಿಪಿಯೆಂಬ ಪದವೂ ದಿವಾನವೆಂಬ ಪದವೂ ಹದಿನಾರು ನೂರು ವರ್ಷಗಳಿಗೂ ಮಿಕ್ಕಿದ ಅಂತರದಲ್ಲಿ, ಬೇರೆಬೇರೆ ದಾರಿಗಳಿಂದ ಈ ಎಡೆದೊರೆನಾಡನ್ನು ಸೇರಿದವು. ಎರಡನ್ನೂ ಕನ್ನಡವು ಅರಗಿಸಿಕೊಂಡಿತು. ಇಲ್ಲಿಯ ಜನರು ತಮ್ಮ ಮಾತಿಗೆ ನಾಚಬೇಕಾದ ಕಾರಣವಿಲ್ಲ.